ಕೊಟ್ಟ ಮೇಲೆ ಉಳಿಯುವುದೇನು?



ಈ ಪುಟವನ್ನು ಓದುತ್ತಿರುವಾಗಲೇ ಒಂದು ಕ್ಷಣ ನಿಮ್ಮ ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ನೇರಕ್ಕೆ, ಮೆಲ್ಲನೆ ಇಟ್ಟು ನೋಡಿ. ನಾಡಿ ಮಿಡಿಯುವುದು ತಿಳಿಯುತ್ತದೆ. ಹಳ್ಳಿಯ ನಾಟಿವೈದ್ಯರಿಂದ ಹಿಡಿದು ದೊಡ್ಡಾಸ್ಪತ್ರೆಯ ದಾದಿಯರವರೆಗೆ ಎಲ್ಲರೂ ಮನುಷ್ಯನ ಕ್ಷೇಮಸಮಾಚಾರವನ್ನು ಮೊದಲು ವಿಚಾರಿಸುವುದು ಇಲ್ಲಿಯೇ. ನಿಮ್ಮ ಬೆರಳುಗಳ ಕೆಳಗೆ ಮಿಡಿಯುತ್ತಿರುವುದು ರೇಡಿಯಲ್ ಎಂಬ ಹೆಸರಿನ ಅಪಧಮನಿ. ಅದರ ಅಗಲ ಎರಡರಿಂದ ಮೂರು ಮಿಲಿಮೀಟರ್. ಒಂದು ಅಕ್ಕಿಕಾಳಿನ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೆ.

ಈಗ ಒಂದು ಪ್ರಶ್ನೆ. ಈ ನಾಳವನ್ನೇ ನಿಮ್ಮ ಕೈಯಿಂದ ತೆಗೆದುಬಿಟ್ಟರೆ ಕೈ ಬದುಕೀತೇ? ವಿಚಿತ್ರವಾದ ಪ್ರಶ್ನೆಯೆಂದು ನಿಮಗನ್ನಿಸಬಹುದು. ಆದರೆ ನಾನು ಸೇವೆ ಸಲ್ಲಿಸುತ್ತಿರುವ ಮಲೆನಾಡಿನ ಅಡಿಕೆಸೀಮೆಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಮನೆಗಳಿವೆ. ಶಸ್ತ್ರಚಿಕಿತ್ಸೆಗೆ ಮುನ್ನ ವ್ಯಾಧಿಸ್ಥರ ಹಣೆಗೂ ಅಂಗೈಗಳಿಗೂ ಪವಿತ್ರ ತೈಲವನ್ನು ಲೇಪಿಸಲು ಹೋಗುವ ಗುರುವಾಗಿ ನಾನು ಅನೇಕ ಕೈಗಳನ್ನು ಹಿಡಿದಿದ್ದೇನೆ. ಒಂದು ಕೈ ಇನ್ನೊಂದರಂತಿಲ್ಲ ಎಂಬುದನ್ನು ಮಾತ್ರ ನಾನು ಕಲಿತದ್ದು ಆಸ್ಪತ್ರೆಯ ಒಂದು ಕತ್ತಲು ಕೋಣೆಯಲ್ಲಿ, ಅಲ್ಟ್ರಾಸೌಂಡ್ ಯಂತ್ರದ ಮುಂದೆ. ಆ ಪಾಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲು ರೋಗದ ಮಾತು. ಭಾರತದಲ್ಲಿ 2020ನೇ ಇಸವಿಯೊಂದರಲ್ಲೇ 1,35,000ಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗುಲಿತೆಂದು ಅಂದಾಜು ಮಾಡಲಾಗಿದೆ. ಹೊಗೆಸೊಪ್ಪು ಇದರ ಮುಖ್ಯ ಕಾರಣವೆಂಬುದು ಎಲ್ಲರಿಗೂ ಗೊತ್ತು. ಹೊಗೆಸೊಪ್ಪಿಲ್ಲದೆ ಜಗಿದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಪ್ರಕಟಿಸಿತೆಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದರೂ ಒಪ್ಪಿಕೊಳ್ಳುವ ಮನಸ್ಸಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಕ್ಕಳ ಶಾಲಾಶುಲ್ಕ, ಮನೆಯ ಹೆಂಚು, ಚರ್ಚಿನ ಗಂಟೆ ಎಲ್ಲವೂ ಅಡಿಕೆಯ ಹಣದಿಂದಲೇ ಬಂದ ಊರುಗಳಲ್ಲಿ ಈ ಮಾತನ್ನು ಆಡುವುದು ಸುಲಭವಲ್ಲ. ಆದರೂ ಆಡಲೇಬೇಕಾಗಿದೆ.

ನಾಲಿಗೆಯ ಒಂದು ಪಾರ್ಶ್ವದಲ್ಲಿ ಗಡ್ಡೆ ಬೆಳೆದಾಗ ಅದನ್ನು ಸುತ್ತಲಿನ ಆರೋಗ್ಯವಂತ ಅಂಚಿನೊಡನೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಕೆಲವೊಮ್ಮೆ ನಾಲಿಗೆಯ ಅರ್ಧಭಾಗವೇ ಹೋಗುತ್ತದೆ. ಹಾಗೆಯೇ ಬಿಟ್ಟರೆ ಉಳಿದ ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡು, ಮಾತೂ ನುಂಗುವಿಕೆಯೂ ಕಷ್ಟವಾಗುತ್ತವೆ. ಆದ್ದರಿಂದ ದೇಹದ ಬೇರೊಂದು ಕಡೆಯಿಂದ ಜೀವಂತ ಚರ್ಮವನ್ನು ತಂದು ಆ ಜಾಗವನ್ನು ತುಂಬುತ್ತಾರೆ. ಮಣಿಕಟ್ಟಿಗೂ ಮೊಣಕೈಗೂ ನಡುವಿನ ಮುಂಗೈಯ ಒಳಮೈ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿಯ ಚರ್ಮ ತೆಳು, ಮೃದು, ಕೂದಲು ಕಡಿಮೆ, ಬಾಯೊಳಗೆ ಮಡಚಿದಂತೆ ಮಡಚಿಕೊಳ್ಳುತ್ತದೆ.

ಈ ವಿಧಾನ ಚೀನಾ ದೇಶದ ಕೊಡುಗೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ಶೆನ್‌ಯಾಂಗ್ ನಗರದ ಸೈನಿಕ ಆಸ್ಪತ್ರೆಯ ಯಾಂಗ್ ಗುವೊಫಾನ್ ಮತ್ತು ಅವರ ಸಂಗಡಿಗರು ಮುಂಗೈಯ ಚರ್ಮವನ್ನು ಅದರ ರಕ್ತನಾಳಗಳೊಡನೆ ಬಿಡಿಸಿ, ಸುಟ್ಟ ಗಾಯಗಳಿಂದ ಸೆಟೆದುಕೊಂಡ ಕುತ್ತಿಗೆ ಮೊದಲಾದ ಕಡೆಗಳಿಗೆ ಜೋಡಿಸಿದರು. 56 ರೋಗಿಗಳ ವೃತ್ತಾಂತವನ್ನು 1981ರಲ್ಲಿ ಪ್ರಕಟಿಸಿದರು. 1983ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಕಡೆಯ ಶಸ್ತ್ರವೈದ್ಯ ಡೇವಿಡ್ ಸೌಟರ್ ಮತ್ತು ಅವರ ಸಂಗಡಿಗರು ಅದನ್ನೇ ಬಾಯೊಳಗಿನ ಪುನರ್ರಚನೆಗೆ ಬಳಸಿದ ರೀತಿಯನ್ನು ಬರೆದರು. ಅಂದಿನಿಂದ ಅದು ಜಗತ್ತಿನ ಎಲ್ಲೆಡೆ ಹರಡಿತು. ಚರ್ಮದ ತುಂಡಿನೊಂದಿಗೆ ರೇಡಿಯಲ್ ಅಪಧಮನಿಯ ಉದ್ದನೆಯ ಭಾಗವೂ ಅಭಿಧಮನಿಯೂ ಹೊರಬರುತ್ತವೆ. ಅವುಗಳನ್ನು ಕುತ್ತಿಗೆಯ ರಕ್ತನಾಳಗಳಿಗೆ, ಸೂಕ್ಷ್ಮದರ್ಶಕದಡಿಯಲ್ಲಿ, ತಲೆಗೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಮುಂಗೈಯಲ್ಲಿ ಉಳಿದ ಗಾಯಕ್ಕೆ ತೊಡೆಯ ತೆಳುಚರ್ಮದ ತೇಪೆ ಹಾಕುತ್ತಾರೆ.

ಹಾಗಾದರೆ ನಾಡಿಯನ್ನೇ ಕಳೆದುಕೊಂಡ ಕೈಯ ಗತಿಯೇನು?

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಎರಡು ನದಿಗಳು ಸಾಕು. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ಕಣಿವೆಗಳಲ್ಲಿ ಹರಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಮತ್ತೆ ಒಂದಾಗುತ್ತವೆ. ಕೈಯಲ್ಲಿ ನಡೆಯುವುದೂ ಹೀಗೆಯೇ. ತೋಳಿನ ದೊಡ್ಡ ಅಪಧಮನಿ ಮೊಣಕೈಯ ತುಸು ಕೆಳಗೆ ಎರಡಾಗಿ ಒಡೆಯುತ್ತದೆ. ಹೆಬ್ಬೆರಳಿನ ಬದಿಗೆ ರೇಡಿಯಲ್, ಕಿರುಬೆರಳಿನ ಬದಿಗೆ ಅಲ್ನಾರ್. ಎರಡೂ ಮುಂಗೈಯುದ್ದಕ್ಕೂ ಹರಿದು, ಅಂಗೈಯಲ್ಲಿ ಬಿಲ್ಲಿನಂತೆ ಬಾಗಿದ ನಾಳಗಳ ಮೂಲಕ ಕೂಡಿಕೊಳ್ಳುತ್ತವೆ. ಒಂದನ್ನು ತಡೆದರೂ ಇನ್ನೊಂದರ ರಕ್ತ ಈ ಬಿಲ್ಲುಗಳ ಮೂಲಕ ಐದೂ ಬೆರಳುಗಳನ್ನು ತಲುಪುತ್ತದೆ. ಆದ್ದರಿಂದಲೇ ರೇಡಿಯಲ್ ಅಪಧಮನಿಯನ್ನು ಕೊಟ್ಟ ಕೈಗಳು ಸಾಮಾನ್ಯವಾಗಿ ಬೆಚ್ಚಗೆ ಉಳಿದು ಕೆಲಸ ಮಾಡುತ್ತವೆ. ಆದರೆ ಕೆಲವರ ಅಂಗೈಯಲ್ಲಿ ಕೂಡಲಿಯೇ ಇರುವುದಿಲ್ಲ. ಎರಡು ನಾಳಗಳು ಒಂದನ್ನೊಂದು ಸಂಧಿಸದೆಯೇ, ತಮ್ಮ ತಮ್ಮ ಪಾಲಿನ ಬೆರಳುಗಳಿಗೆ ಹರಿದು ನಿಂತುಬಿಡುತ್ತವೆ. ಇನ್ನು ಕೆಲವರಲ್ಲಿ ಅಲ್ನಾರ್ ಅಪಧಮನಿ ಆಳದಲ್ಲಿ ಹೋಗಬೇಕಾದದ್ದು ಚರ್ಮದ ಕೆಳಗೇ ಸಾಗುತ್ತದೆ. ಅರಿಯದ ಚಾಕು ಅದನ್ನು ಸುಲಭವಾಗಿ ತಾಕಬಹುದು. ಹೊರಗಿನಿಂದ ನೋಡಿದರೆ ಈ ಯಾವ ಭೇದವೂ ಕಾಣುವುದಿಲ್ಲ.

ಇದನ್ನು ಪರೀಕ್ಷಿಸುವ ಸರಳ ಉಪಾಯವೊಂದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ಎಡ್ಗರ್ ಆ್ಯಲನ್ 1929ರಲ್ಲಿ ತಿಳಿಸಿದರು. ಇಂದು ಅದನ್ನು ತುಸು ಮಾರ್ಪಡಿಸಿ ಬಳಸುತ್ತಾರೆ. ರೋಗಿ ಮುಷ್ಟಿ ಬಿಗಿಹಿಡಿಯುತ್ತಾನೆ. ವೈದ್ಯರು ಮಣಿಕಟ್ಟಿನ ಎರಡೂ ನಾಳಗಳನ್ನು ಒತ್ತಿ ಮುಚ್ಚುತ್ತಾರೆ. ಮುಷ್ಟಿ ಬಿಚ್ಚಿದಾಗ ಅಂಗೈ ಬಿಳಿಚಿಕೊಂಡಿರುತ್ತದೆ. ಆಗ ಅಲ್ನಾರ್ ನಾಳವನ್ನು ಮಾತ್ರ ಬಿಟ್ಟರೆ, ಕೆಲವೇ ಸೆಕೆಂಡುಗಳಲ್ಲಿ ಅಂಗೈ ಕೆಂಪೇರಬೇಕು. ಖರ್ಚಿಲ್ಲದ, ನೋವಿಲ್ಲದ ಪರೀಕ್ಷೆ. ಆದರೆ ಅದು ನಂಬಿರುವುದು ನೋಡುವವರ ಕಣ್ಣನ್ನು, ಕೋಣೆಯ ಬೆಳಕನ್ನು, ಚರ್ಮದ ಬಣ್ಣವನ್ನು.

ನಮ್ಮ ಧರ್ಮಕೇಂದ್ರದ ದರ್ಜಿಯೊಬ್ಬರ ವಿಷಯದಲ್ಲಿ ಈ ಪರೀಕ್ಷೆ ಅನುಮಾನದಲ್ಲಿಯೇ ನಿಂತಿತು. ಅವರ ಹೆಸರು ಬೇಡ. ಪ್ರಥಮ ಪರಮಪ್ರಸಾದದ ದಿನ ಮಕ್ಕಳು ತೊಡುವ ಬಿಳಿಯ ಉಡುಪುಗಳಲ್ಲಿ ಅರ್ಧದಷ್ಟು ಅವರ ಯಂತ್ರದಿಂದಲೇ ಬರುತ್ತಿದ್ದವು ಎಂದರೆ ಸಾಕು. ನಾಲಿಗೆಯ ಎಡಬದಿಯ ಹುಣ್ಣು ಕ್ಯಾನ್ಸರೆಂದು ತಿಳಿದ ಮೇಲೆ ನಗರದ ಆಸ್ಪತ್ರೆಯೊಂದಕ್ಕೆ ಸೇರಿದ್ದರು. ನಾನು ನೋಡಲು ಹೋದಾಗ ಶಸ್ತ್ರವೈದ್ಯರು ಎಡಗೈಯಿಂದ ಚರ್ಮ ತೆಗೆಯುವ ಯೋಜನೆಯನ್ನು ವಿವರಿಸುತ್ತಿದ್ದರು. ಬಲಗೈ ಬಳಸುವವರಿಗೆ ಎಡಗೈ, ಎಡಗೈ ಬಳಸುವವರಿಗೆ ಬಲಗೈ ಎಂಬುದು ರೂಢಿ. ದರ್ಜಿ ನೋಯುವ ನಾಲಿಗೆಯಿಂದ ನಿಧಾನವಾಗಿ ಹೇಳಿದರು: "ಕತ್ತರಿ ಹಿಡಿಯುವುದು ಬಲಗೈ, ನಿಜ. ಆದರೆ ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸುವುದು ಎಡಗೈ, ಡಾಕ್ಟರೇ." ಆಮೇಲೆ ನನ್ನತ್ತ ತಿರುಗಿ, "ಫಾದರ್, ನಾಲಿಗೆ ಉಳಿಸಿಕೊಳ್ಳಲು ಕೈ ಕೊಡಬೇಕೇ?" ಎಂದು ಕೇಳಿದರು. ಮದುವೆಗೆ ಬಂದ ಮಗಳು ಮನೆಯಲ್ಲಿದ್ದಳು. ಆ ಪ್ರಶ್ನೆಯಲ್ಲಿ ಬರಿಯ ಭಯವಿರಲಿಲ್ಲ, ಲೆಕ್ಕಾಚಾರವೂ ಇತ್ತು.

ವೈದ್ಯರು ಆ ಮಾತನ್ನು ಅಲಕ್ಷಿಸಲಿಲ್ಲ. ಮಣಿಕಟ್ಟನ್ನು ಒತ್ತಿ ಪರೀಕ್ಷಿಸಿದರು. ವರ್ಷಗಟ್ಟಲೆ ದುಡಿದು ಒರಟಾದ ಆ ಅಂಗೈಯಲ್ಲಿ ಹತ್ತು ಸೆಕೆಂಡು ಕಳೆದರೂ ಬಣ್ಣ ಮರಳಿತೋ ಇಲ್ಲವೋ ಎಂದು ಖಚಿತವಾಗಲಿಲ್ಲ. "ಒಳಗೆ ನೋಡಿಯೇ ತೀರ್ಮಾನಿಸೋಣ" ಎಂದು ಅಲ್ಟ್ರಾಸೌಂಡ್ ಪರೀಕ್ಷೆಗೆ ಬರೆದುಕೊಟ್ಟರು. ದರ್ಜಿಯ ಕೋರಿಕೆಯಂತೆ, ವೈದ್ಯೆಯ ಅನುಮತಿ ಪಡೆದು, ನಾನೂ ಜೊತೆಯಲ್ಲಿ ಕುಳಿತೆ.

ಅಲ್ಟ್ರಾಸೌಂಡ್ ಎಂದೊಡನೆ ನಮಗೆ ನೆನಪಾಗುವುದು ಬಸುರಿಯರ ತಪಾಸಣೆ. ಗ್ಲಾಸ್ಗೋ ನಗರದಲ್ಲಿಯೇ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ತಜ್ಞರು ತಮ್ಮ ಸಂಗಡಿಗರೊಡನೆ 1958ರಲ್ಲಿ ಹೊಟ್ಟೆಯೊಳಗಿನ ಇಂಥ ಚಿತ್ರಗಳನ್ನು ಪ್ರಕಟಿಸಿ ಈ ವಿದ್ಯೆಗೆ ದಾರಿ ತೆರೆದರು. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳ ಧ್ವನಿ. ಹೊಟ್ಟೆಯ ತಪಾಸಣೆಗೆ ಬಳಸುವುದು ಸೆಕೆಂಡಿಗೆ ಸುಮಾರು 30ರಿಂದ 50 ಲಕ್ಷ ಕಂಪನಗಳ ಧ್ವನಿ. ಮುಂಗೈಯ ನಾಳಗಳಿಗೆ ಒಂದೂವರೆ ಕೋಟಿಯಷ್ಟು ಬೇಕು. ಕಂಪನ ಹೆಚ್ಚಿದಷ್ಟೂ ಧ್ವನಿಯ ಅಲೆ ಚಿಕ್ಕದಾಗುತ್ತದೆ. ಒಂದೂವರೆ ಕೋಟಿ ಕಂಪನದ ಅಲೆಯ ಉದ್ದ ದೇಹದೊಳಗೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ಅಷ್ಟು ಸಣ್ಣ ಅಲೆಗೆ ಅಷ್ಟೇ ಸಣ್ಣ ವಸ್ತುಗಳೂ ಕಾಣುತ್ತವೆ. ಆದರೆ ಅದು ಆಳಕ್ಕೆ ಇಳಿಯಲಾರದು. ಮುಂಗೈಯ ನಾಳಗಳು ಚರ್ಮಕ್ಕೆ ಸಮೀಪವಿರುವುದರಿಂದ ಈ ಕೊರತೆ ಇಲ್ಲಿ ಬಾಧಿಸುವುದಿಲ್ಲ. ಇದರಲ್ಲಿ ಎಕ್ಸ್‌ರೇಯಂಥ ಕಿರಣಗಳಿಲ್ಲ, ಚುಚ್ಚುಮದ್ದಿಲ್ಲ, ಉಪವಾಸವಿಲ್ಲ.

ವೈದ್ಯೆ ಮೊದಲು ಮಾಡಿದ ಕೆಲಸವೆಂದರೆ ಕೋಣೆಯ ಎ.ಸಿ.ಯನ್ನು ಆರಿಸಿದ್ದು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ. ಬಳಿಕ ಮುಂಗೈಗೆ ಧಾರಾಳವಾಗಿ ಜೆಲ್ ಹಚ್ಚಿ, ಸಾಬೂನಿನ ಬಿಲ್ಲೆಯಷ್ಟಿರುವ ಶೋಧಕವನ್ನು ಹಗುರವಾಗಿ ತೇಲಿಸಿದರು. ತೆರೆಯ ಮೇಲೆ ರೇಡಿಯಲ್ ಅಪಧಮನಿ ಒಂದು ಕಪ್ಪು ಚುಕ್ಕಿಯಂತೆ ಮಿಡಿಯುತ್ತಿತ್ತು. ಅದರ ಎರಡೂ ಪಕ್ಕದಲ್ಲಿ ಎರಡು ಸಣ್ಣ ಅಭಿಧಮನಿಗಳು. ವೈದ್ಯೆ ಕೊಂಚ ಒತ್ತಿದರು. ಅಭಿಧಮನಿಗಳು ಕಣ್ಣು ಮುಚ್ಚಿದಂತೆ ಮಾಯವಾದವು. ಅಪಧಮನಿ ಮಾತ್ರ ಹಾಗೆಯೇ ದುಂಡಗಿತ್ತು. ಕೈ ಭಾರವಾದರೆ ಇರುವ ನಾಳವೂ ಇಲ್ಲವೆಂದೇ ಕಾಣುತ್ತದೆಯಾದ್ದರಿಂದ, ಈ ಪರೀಕ್ಷೆಯಲ್ಲಿ ಹಗುರವಾದ ಕೈಯೇ ಅರ್ಧ ವಿದ್ಯೆಯೆಂದು ಅವರು ಹೇಳಿದರು.

ತರುವಾಯ ತೋಳಿಗೆ ಪಟ್ಟಿ ಬಿಗಿದು, ಹೆಬ್ಬೆರಳಿನ ಬದಿಯಿಂದ ಮೇಲೇರುವ ಸೆಫಾಲಿಕ್ ಎಂಬ ಅಭಿಧಮನಿಯನ್ನು ಮೊಣಕೈಯವರೆಗೂ ಹಿಂಬಾಲಿಸಿದರು. ಕೊಟ್ಟ ಚರ್ಮದಿಂದ ರಕ್ತ ಹಿಂದಿರುಗಲು ಇಂಥ ನಾಳ ತೆರೆದಿರಬೇಕು. ಪದೇ ಪದೇ ಸೂಜಿ ಚುಚ್ಚಿಸಿಕೊಂಡ ಅಭಿಧಮನಿ ಒಳಗೇ ಗಟ್ಟಿಯಾಗಿ ಮುಚ್ಚಿಹೋಗಿರುವುದುಂಟು. ಆದ್ದರಿಂದಲೇ ದರ್ಜಿಯ ಎಡಗೈಗೆ, ಸೂಜಿ ಚುಚ್ಚಬಾರದೆಂಬ ಸೂಚನೆಯ ಪಟ್ಟಿಯನ್ನು ದಾದಿಯರು ಮೊದಲೇ ಕಟ್ಟಿದ್ದರು. ರಕ್ತದ ಪರಿಚಲನೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರ ತಮ್ಮ ಪುಸ್ತಕದಲ್ಲಿ ಮುದ್ರಿಸಿದ ಚಿತ್ರಗಳು ಇಂಥವೇ: ಪಟ್ಟಿ ಬಿಗಿದ ಮುಂಗೈ, ಉಬ್ಬಿದ ಅಭಿಧಮನಿಗಳು, ಅವುಗಳನ್ನು ಒತ್ತುವ ಬೆರಳು. ಸುಮಾರು ನಾನೂರು ವರ್ಷಗಳ ನಂತರವೂ ವಿದ್ಯೆ ಅದೇ ಮುಂಗೈಯನ್ನು, ಅದೇ ರೀತಿಯಲ್ಲಿ ಪ್ರಶ್ನಿಸುತ್ತಿತ್ತು.

ಅತ್ಯಂತ ತಾಳ್ಮೆ ಬೇಡಿದ್ದು ಕಿರುನಾಳಗಳ ಹುಡುಕಾಟ. ರೇಡಿಯಲ್ ಅಪಧಮನಿಯಿಂದ ಕವಲೊಡೆದು, ಎರಡು ಸ್ನಾಯುಗಳ ನಡುವಿನ ತೆಳುಪೊರೆಯಲ್ಲಿ ಮೇಲೇರಿ ಚರ್ಮವನ್ನು ಪೋಷಿಸುವ ಈ ನಾಳಗಳಿಗೆ ಪರ್ಫೊರೇಟರ್ ಎಂದು ಹೆಸರು. ಅನೇಕವು ಅರ್ಧ ಮಿಲಿಮೀಟರಿನಷ್ಟೂ ಇರುವುದಿಲ್ಲ. ಇವುಗಳಿಲ್ಲದಿದ್ದರೆ ಅಪಧಮನಿಯನ್ನು ಎಷ್ಟು ಚೆನ್ನಾಗಿ ಹೊಲಿದರೂ ಚರ್ಮ ಬದುಕಲಾರದು. ಇವುಗಳನ್ನು ಕಾಣಿಸುವುದು ಬಣ್ಣ. ಆ ಬಣ್ಣದ ಹಿಂದೆ ಕ್ರಿಶ್ಚಿಯನ್ ಡಾಪ್ಲರ್ ಎಂಬ ಆಸ್ಟ್ರಿಯಾದ ವಿಜ್ಞಾನಿ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ ತತ್ವವಿದೆ. ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ರೈಲಿನ ಶಿಳ್ಳೆ ಬರುವಾಗ ಏರುಸ್ವರದಲ್ಲಿದ್ದು, ದಾಟಿದೊಡನೆ ಇಳಿಯುವುದನ್ನು ನೀವು ಗಮನಿಸಿರಬಹುದು. 1845ರಲ್ಲಿ ನೆದರ್ಲೆಂಡಿನಲ್ಲಿ ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ ಇದನ್ನು ಪರೀಕ್ಷಿಸಿಯೂ ನೋಡಿದರು. ರಕ್ತಕಣಗಳೂ ಹಾಗೆಯೇ ಓಡುವ ರೈಲುಗಳು. ಅವುಗಳಿಗೆ ತಾಗಿ ಮರಳುವ ಧ್ವನಿಯ ಸ್ವರಭೇದದಿಂದ ಯಂತ್ರವು ಹರಿವಿನ ದಿಕ್ಕನ್ನು ಅರಿಯುತ್ತದೆ. ಶೋಧಕದ ಕಡೆಗೆ ಬರುವ ರಕ್ತಕ್ಕೆ ಸಾಮಾನ್ಯವಾಗಿ ಕೆಂಪು, ದೂರ ಸರಿಯುವ ರಕ್ತಕ್ಕೆ ನೀಲಿ. ಕೆಂಪೆಂದರೆ ಶುದ್ಧರಕ್ತ, ನೀಲಿಯೆಂದರೆ ಅಶುದ್ಧರಕ್ತ ಎಂದು ನಾವು ಶಾಲೆಯಲ್ಲಿ ಕಲಿತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಬರಿಯ ದಿಕ್ಕು.

ಒಂದೊಂದು ಕಿರುನಾಳ ಮಿನುಗಿದಾಗಲೂ ವೈದ್ಯೆ ಚರ್ಮದ ಮೇಲೆ ಪೆನ್ನಿನಿಂದ ಚುಕ್ಕೆಯಿಟ್ಟರು. ಮಣಿಕಟ್ಟಿನ ಸಮೀಪ ಚುಕ್ಕೆಗಳು ಹೆಚ್ಚು, ಮೇಲಕ್ಕೆ ಹೋದಂತೆ ವಿರಳ. ದರ್ಜಿ ತಮ್ಮ ಕೈಯನ್ನು ನೋಡಿಕೊಂಡು, "ನಾವು ಬಟ್ಟೆಗೆ ಚಾಕು ಹಾಕುವ ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡುವ ಹಾಗೆ" ಎಂದರು. ನಾಳ, ಚರ್ಮ, ಕಿರುಕವಲು ಎಲ್ಲವೂ ಉತ್ತಮವಾಗಿದ್ದವು. ತೆಗೆದುಕೊಳ್ಳಬೇಕಾದುದರಲ್ಲಿ ಯಾವ ಊನವೂ ಇರಲಿಲ್ಲ.

ಉಳಿದದ್ದು ಕೊನೆಯ ಪ್ರಶ್ನೆ. ವೈದ್ಯೆ ಶೋಧಕವನ್ನು ಹೆಬ್ಬೆರಳಿನ ಬುಡಕ್ಕೆ ಸರಿಸಿದರು. ಅಲ್ಲಿಯ ಸಣ್ಣ ನಾಳ ಕೆಂಪಗೆ ಮಿಡಿಯುತ್ತಿತ್ತು. ಇನ್ನೊಂದು ಕೈಯಿಂದ ಮಣಿಕಟ್ಟಿನ ರೇಡಿಯಲ್ ಅಪಧಮನಿಯನ್ನು ಒತ್ತಿಹಿಡಿದರು. ಬಣ್ಣ ಆರಿಹೋಯಿತು. ಕಾದರು. ಬರಲಿಲ್ಲ. ಬೆರಳು ಸಡಿಲಿಸಿದರು, ಬಣ್ಣ ಬಂತು. ಮತ್ತೆ ಒತ್ತಿದರು, ಮತ್ತೆ ಕತ್ತಲು. ಮೂರು ಬಾರಿ ನೋಡಿ, ಏನನ್ನೋ ಬರೆದುಕೊಂಡರು. ಆ ಹೆಬ್ಬೆರಳಿಗೆ ಬೇರೆ ಆಸರೆಯಿರಲಿಲ್ಲ. ಎಡ ಅಂಗೈಯಲ್ಲಿ ಕೂಡಲಿ ಇರಲಿಲ್ಲ.

ಬಳಿಕ ಬಲಗೈ. ಅದೇ ಶೋಧಕ, ಅದೇ ಒತ್ತಡ. ಇಲ್ಲಿ ಬಣ್ಣ ಆರಲಿಲ್ಲ. ಒತ್ತಿದ ಸ್ಥಳದಿಂದ ಮುಂದಿನ ನಾಳದಲ್ಲಿ ಕೆಂಪಾಗಿದ್ದದ್ದು ಒಂದು ಕ್ಷಣ ಅಲುಗಾಡಿ ನೀಲಿಯಾಯಿತು. ಕಿರುಬೆರಳಿನ ಬದಿಯಿಂದ ಬಂದ ರಕ್ತವು ಅಂಗೈಯ ಬಿಲ್ಲನ್ನು ದಾಟಿ, ಅದೇ ನಾಳದಲ್ಲಿ ಹಿಮ್ಮುಖವಾಗಿ ಹರಿಯತೊಡಗಿತ್ತು. ಓದುಗರೇ, ಅರ್ಧ ಗಂಟೆಯೊಳಗೆ ಒಬ್ಬನೇ ಮನುಷ್ಯನ ಎರಡು ಕೈಗಳು ಎರಡು ಬೇರೆ ಉತ್ತರಗಳನ್ನು ಕೊಟ್ಟವು. ಒಂದೇ ತಾಯಿಯ ಗರ್ಭದಲ್ಲಿ, ಒಂದೇ ಕಾಲದಲ್ಲಿ ರೂಪುಗೊಂಡ ಕೈಗಳು. ಐವತ್ತು ವರ್ಷ ಒಟ್ಟಿಗೆ ದುಡಿದು, ಪ್ರಾರ್ಥನೆಗೆ ಒಟ್ಟಿಗೆ ಜೋಡಿಸಿಕೊಂಡ ಕೈಗಳು. ಆದರೂ ಒಂದರ ಒಳದಾರಿ ಇನ್ನೊಂದರದ್ದಲ್ಲ. ಹಾಗಿರುವಾಗ ಒಬ್ಬರ ಅನುಭವವನ್ನು ಇನ್ನೊಬ್ಬರ ಮೇಲೆ ಹೇರುವ ನಮ್ಮ ಅವಸರಕ್ಕೆ ಏನೆನ್ನಬೇಕು?

ಶಸ್ತ್ರವೈದ್ಯರು ವರದಿ ನೋಡಿ, ಎಡಗೈ ಬೇಡವೆಂದರು. ತೆಗೆದ ಅಪಧಮನಿಯ ಸ್ಥಳದಲ್ಲಿ ಅಭಿಧಮನಿಯ ತುಂಡನ್ನು ಹೊಲಿದು ಹರಿವನ್ನು ಮರಳಿಸುವ ದಾರಿಯೂ ಇದೆ. ಆದರೆ ಅದು ಮತ್ತೊಂದು ಹೊಲಿಗೆ, ಮತ್ತೊಂದು ಆತಂಕ. ಬಲಗೈಯಿಂದ ತೆಗೆಯಬಹುದು; ಕೈ ಉಳಿಯುತ್ತದೆ. ಆದರೆ ಗಾಯದ ಕಲೆ, ಹೆಬ್ಬೆರಳಿನ ಹಿಂಬದಿಯಲ್ಲಿ ಒಂದಿಷ್ಟು ಮರಗಟ್ಟುವಿಕೆ, ಕೆಲವು ತಿಂಗಳ ಬಿಗಿತ ಸಂಭವಿಸಬಹುದು. ದರ್ಜಿ ತಮ್ಮ ಬಲಗೈಯನ್ನು ಬಹಳ ಹೊತ್ತು ನೋಡಿದರು. ಮೂರನೆಯ ದಾರಿಯನ್ನು ವೈದ್ಯರೇ ತೋರಿಸಿದರು. ಕೃಶ ಶರೀರದವರಿಗೆ ತೊಡೆಯ ಹೊರಬದಿಯ ಚರ್ಮವೂ ಸಾಕಷ್ಟು ತೆಳುವಾಗಿರುತ್ತದೆ. ಅಲ್ಲಿಯ ಕಿರುನಾಳಗಳನ್ನೂ ಅದೇ ಯಂತ್ರದಿಂದ ಗುರುತಿಸಿದರು. ಹೀಗೆ ಎರಡೂ ಕೈಗಳು ಚಾಕುವಿನಿಂದ ದೂರ ಉಳಿದವು.

ಶಸ್ತ್ರಚಿಕಿತ್ಸೆ ಬೆಳಗಿನಿಂದ ಸಂಜೆಯವರೆಗೂ ನಡೆಯಿತು. ಕೆಲವು ವಾರ ಮೂಗಿನ ನಳಿಕೆಯ ಮೂಲಕ ಆಹಾರ; ಆಮೇಲೆ ವಿಕಿರಣ ಚಿಕಿತ್ಸೆ. ಎಲ್ಲವೂ ಮೊದಲಿನಂತಾಯಿತೆಂದು ನಾನು ಹೇಳಲಾರೆ. ಹೊಸ ನಾಲಿಗೆಗೆ ರುಚಿಯಿಲ್ಲ, ಸ್ವಂತ ಚಲನೆಯಿಲ್ಲ. ಉಳಿದರ್ಧವೇ ಅದನ್ನು ಹೊತ್ತು ನಡೆಸಬೇಕು. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಚಿ ಆಡಬೇಕಾದ ನಮ್ಮ ಕನ್ನಡದ ಟ, ಡ, ಣ, ಳ ಅಕ್ಷರಗಳು ಅವರಿಗೆ ಇಂದಿಗೂ ಕಷ್ಟ. 'ಮಗಳು' ಎಂಬ ಮಾತು 'ಮಗಲು' ಎಂದೇ ಹೊರಡುತ್ತದೆ. ಆದರೆ ಆ ಮಗಳ ಮದುವೆಯ ರವಿಕೆಯನ್ನು ಅವರೇ ಹೊಲಿದರು. ಬಲಗೈ ಕತ್ತರಿಸಿತು, ಎಡಗೈ ಬಟ್ಟೆಯನ್ನು ನಡೆಸಿತು.

ಇದರಿಂದ ನಾನು ಕಂಡುಕೊಂಡದ್ದಿಷ್ಟು. ಆ ಕೋಣೆಯಲ್ಲಿ ಎರಡು ನಕ್ಷೆಗಳು ಸಿದ್ಧವಾದವು. ಒಂದು, ತೆಗೆದುಕೊಳ್ಳಬೇಕಾದುದರ ನಕ್ಷೆ, ಅದು ಸುಂದರವಾಗಿತ್ತು. ಇನ್ನೊಂದು, ತೆಗೆದುಕೊಂಡ ಮೇಲೆ ಕೊಟ್ಟ ಕೈಗೆ ಉಳಿಯುವುದರ ನಕ್ಷೆ. ತೀರ್ಮಾನ ಮಾಡಿದ್ದು ಎರಡನೆಯದು. ಬೇಡವೆಂಬ ಉತ್ತರವೂ ಒಂದು ಉಪಕಾರವೇ. ಅದು ಚಾಕುವಿಗಿಂತ ಮೊದಲು ಬರಬೇಕು, ಅಷ್ಟೆ.

ನಮ್ಮ ಮನೆಗಳಲ್ಲಿ ಎಷ್ಟೋ ಬಾರಿ ಮೊದಲನೆಯ ನಕ್ಷೆಯನ್ನು ಮಾತ್ರ ಬಿಡಿಸುತ್ತೇವೆ. ಹಿರಿಯ ಮಗಳು ಜಾಣೆ, ಹೊಂದಿಕೊಳ್ಳುವವಳು. ತಮ್ಮಂದಿರ ಓದಿಗಾಗಿ ಅವಳೇ ದುಡಿಯಲಿ ಎನ್ನುತ್ತೇವೆ. ತಾಯಿ ಗಟ್ಟಿಗಿತ್ತಿ, ಹಾಸಿಗೆ ಹಿಡಿದ ಅಜ್ಜನನ್ನು ಅವಳೇ ನೋಡಿಕೊಳ್ಳುತ್ತಾಳೆ ಎನ್ನುತ್ತೇವೆ. ಕೊಡುವವರಲ್ಲಿ ಇರುವುದು ಎಷ್ಟು ಚೆನ್ನಾಗಿದೆಯೆಂದು ನಮಗೆ ಗೊತ್ತು. ಕೊಟ್ಟ ಮೇಲೆ ಅವರ ಹೆಬ್ಬೆರಳಿಗೆ ರಕ್ತ ಬೇರೆಲ್ಲಿಂದ ಬರುತ್ತದೆಂದು ಮೆಲ್ಲನೆ ಒತ್ತಿ ನೋಡಿದ್ದೇವೆಯೇ? ಬಣ್ಣ ಹಿಮ್ಮುಖವಾಗಿಯಾದರೂ ಹರಿದು ಬರುವ ಜೀವಗಳಿವೆ. ಅವರು ಕೊಟ್ಟೂ ನಿಲ್ಲುತ್ತಾರೆ. ಬಣ್ಣ ಆರಿಹೋಗುವ ಜೀವಗಳೂ ಇವೆ. ಹೊರಗಿನಿಂದ ಇಬ್ಬರೂ ಒಂದೇ ರೀತಿ ನಗುತ್ತಾರೆ.

ಯಂತ್ರವನ್ನು ಹೊಗಳಿ ಮುಗಿಸುವುದು ನ್ಯಾಯವಲ್ಲ. ಈ ಪರೀಕ್ಷೆ ನೋಡುವವರ ಅನುಭವವನ್ನೂ ತಾಳ್ಮೆಯನ್ನೂ ಅವಲಂಬಿಸಿದೆ. ಎಲ್ಲರಿಗೂ ಇದು ಬೇಕೆಂದಿಲ್ಲ. ಮಣಿಕಟ್ಟು ಒತ್ತಿ ನೋಡುವ ಹಳೆಯ ಪರೀಕ್ಷೆಯೇ ಸ್ಪಷ್ಟ ಉತ್ತರ ಕೊಡುವ ಕೈಗಳು ಬಹಳ. ಆದರೆ ಅನುಮಾನವಿದ್ದಲ್ಲಿ, ಅರ್ಧ ಗಂಟೆಯ ಈ ನೋವಿಲ್ಲದ ತಪಾಸಣೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಲು ಸಂಕೋಚ ಬೇಡ. ನಿಮ್ಮ ಕೈ ಯಾವ ಕೆಲಸ ಮಾಡುತ್ತದೆಂದು ತಪ್ಪದೆ ಹೇಳಿ. ಅದು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಚರ್ಮ ತೆಗೆಯಲು ಆರಿಸಿದ ಕೈಗೆ ರಕ್ತಪರೀಕ್ಷೆಯ ಸೂಜಿಯನ್ನಾಗಲಿ ಡ್ರಿಪ್ಪನ್ನಾಗಲಿ ಹಾಕದಂತೆ ಮನೆಯವರೂ ನೆನಪಿಸಿ.

ಎಲ್ಲಕ್ಕಿಂತ ಮಿಗಿಲಾಗಿ, ಇಷ್ಟು ದೂರ ಹೋಗಬೇಕಾದ ಅಗತ್ಯವೇ ಬಾರದಿರಲಿ. ಇಂದು ರಾತ್ರಿ ಊಟವಾದ ಮೇಲೆ ದೀಪದ ಬೆಳಕಿನಲ್ಲಿ, ಕನ್ನಡಿಯ ಮುಂದೆ, ಮನೆಯವರೆಲ್ಲರೂ ಬಾಯಿ ತೆರೆದು ನೋಡಿಕೊಳ್ಳಿ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪನೆಯ ಮಚ್ಚೆ, ನಾಲಿಗೆಯ ಬದಿಯ ಗಟ್ಟಿ ಗಂಟು, ಮೊದಲಿನಷ್ಟು ತೆರೆಯಲಾಗದ ಬಾಯಿ ಇವುಗಳಲ್ಲಿ ಒಂದಿದ್ದರೂ ನಾಳೆಯೇ ವೈದ್ಯರ ಬಳಿಗೆ ಹೋಗಿ. ತಟ್ಟೆಯಲ್ಲಿರುವ ಅಡಿಕೆಯನ್ನು ಅತಿಥಿಗೂ ನೀಡಬೇಡಿ, ನೀವೂ ಬಾಯಿಗೆ ಹಾಕಿಕೊಳ್ಳಬೇಡಿ.